ಷಡ್ಡಕನ ಕಡೆ ಹೆಚ್ಚು ಸುಟ್ಟಿತ್ತು

ನನಗೆ ಹೊಟ್ಟೆಕಿಚ್ಚಿನ ಸ್ವಭಾವ ಇಲ್ಲ. ಈ ಮಾತನ್ನು ನನ್ನ ಹೆಂಡತಿ ಒಪ್ಪುವುದಿಲ್ಲ, ಅವಳ ಅಕ್ಕ ಒಪ್ಪುವುದಿಲ್ಲ, ಅತ್ತೆಯಂತೂ ಕೇಳಿ ಬೇರೆ ಕಡೆ ತಿರುಗಿ ನಗುತ್ತಾರೆ. ಇರಲಿ. ನಡೆದದ್ದನ್ನು ನಡೆದ ಹಾಗೆ ಹೇಳಿಬಿಡುತ್ತೇನೆ, ತೀರ್ಮಾನ ನಿಮಗೇ ಬಿಟ್ಟದ್ದು.

ನನ್ನ ಹೆಂಡತಿ ಮತ್ತು ಅವಳ ಅಕ್ಕ ಸೇರಿ ಹೊಲಿಗೆ ಅಂಗಡಿ ನಡೆಸುತ್ತಾರೆ. ಆ ಅಕ್ಕನ ಗಂಡ, ಎಂದರೆ ನನ್ನ ಷಡ್ಡಕ, ಒಂದು ಶಾಲೆಯಲ್ಲಿ ಡ್ರಿಲ್ ಮಾಸ್ತರು. ಎತ್ತರದ ಆಳು, ಅಗಲ ಎದೆ, ಎಲ್ಲಿ ನಿಂತರೂ ಯಾರೋ ಫೋಟೋ ತೆಗೆಯುತ್ತಿದ್ದಾರೆ ಅನ್ನುವ ಹಾಗೆ ನಿಲ್ಲುತ್ತಾನೆ. ಎದುರಿಗೆ ನಾನು ಅವನನ್ನು ‘ಭಾವ’ ಎಂದು ಬಹುವಚನದಲ್ಲೇ ಮಾತಾಡಿಸುತ್ತೇನೆ. ಕಾಗದದ ಮೇಲೆ ಏಕವಚನ ಸಾಕು. ನಾನು ನೀರು ಸರಬರಾಜು ಕಚೇರಿಯ ದೂರು ವಿಭಾಗದಲ್ಲಿ ಗುಮಾಸ್ತ. ಹತ್ತೊಂಬತ್ತು ವರ್ಷದಿಂದ ಊರಿನವರ ನಲ್ಲಿಯ ಕಷ್ಟ ಕೇಳಿ ‘ಅಯ್ಯೋ ಪಾಪ’ ಅನ್ನುವುದು ನನ್ನ ಉದ್ಯೋಗ. ಅದೇ ಮಾತನ್ನು ನನಗೆ ಯಾರಾದರೂ ಒಂದು ಸಲ ಅಂದಿದ್ದರೆ ಈ ಕಥೆ ನಡೆಯುತ್ತಲೇ ಇರಲಿಲ್ಲ.

ಅಕ್ಕತಂಗಿಯರಿಗೆ ಅಕ್ಕಪಕ್ಕದಲ್ಲಿ ಇರಬೇಕೆಂಬ ಆಸೆ ಮದುವೆಯಾದಾಗಿನಿಂದ ಇತ್ತು. ಅಂಗಡಿಯಲ್ಲಿ ದುಡಿದದ್ದನ್ನು ಕೂಡಿಟ್ಟು ಇಬ್ಬರೂ ಸೇರಿ ಒಂದು ಮನೆ ಕೊಂಡರು. ಹಿಂದೆ ಹಾಸಿಗೆ ವ್ಯಾಪಾರಿಯೊಬ್ಬ ಇದ್ದ ಮನೆ. ಆರು ವರ್ಷದ ಕೆಳಗೆ ಅವನ ಹತ್ತಿ ದಾಸ್ತಾನಿಗೆ ಬೆಂಕಿ ಬಿದ್ದು, ಅವನು ಊರು ಬಿಟ್ಟು, ಮನೆ ಹಾಗೇ ಪಾಳು ಬಿದ್ದಿತ್ತು. ನಡುವೆ ಒಂದು ಗೋಡೆ, ಆ ಕಡೆ ಒಂದು ಸಂಸಾರಕ್ಕೆ, ಈ ಕಡೆ ಒಂದು ಸಂಸಾರಕ್ಕೆ ಸರಿಯಾಗಿ ಜಾಗ. ಗೋಡೆಯಲ್ಲಿ ಒಂದು ಬಾಗಿಲು ಇಟ್ಟುಕೊಂಡರೆ ದಿನಕ್ಕೆ ನೂರು ಸಲ ಓಡಾಡಬಹುದು ಎಂದು ಇಬ್ಬರೂ ಲೆಕ್ಕ ಹಾಕಿದ್ದರು. ಮನೆ ಅವರ ಹೆಸರಿನಲ್ಲಿ, ರಿಪೇರಿ ಮಾಡಿಸುವುದು ಗಂಡಂದಿರ ಪಾಲಿಗೆ. ನಮ್ಮ ಬಾಡಿಗೆ ಮನೆಯ ಯಜಮಾನ ತಿಂಗಳ ಕೊನೆಗೆ ಖಾಲಿ ಮಾಡಿ ಎಂದು ಹೇಳಿಯಾಗಿತ್ತು. ಅಷ್ಟರೊಳಗೆ ಈ ಮನೆ ವಾಸಕ್ಕೆ ಬರಲೇಬೇಕಿತ್ತು.

ಯಾರಿಗೆ ಯಾವ ಕಡೆ ಎಂದು ಚೀಟಿ ಎತ್ತಿದೆವು. ನನಗೆ ಕಮ್ಮಿ ಸುಟ್ಟ ಕಡೆ ಬಂತು. ಬೆಂಕಿ ಹೊತ್ತಿದ್ದು ಷಡ್ಡಕನ ಕಡೆ. ಅಲ್ಲಿ ಬಾಗಿಲು ಕಿಟಕಿ ಒಂದೂ ಉಳಿದಿರಲಿಲ್ಲ, ಅಟ್ಟ ಹೊತ್ತ ತೊಲೆಗಳು ಇದ್ದಿಲಿನ ಹಾಗೆ ಕಪ್ಪಾಗಿದ್ದವು, ಮೂಲೆಯಲ್ಲಿ ಒಂದು ಗಿಡ ಬೆಳೆದು ಕಿಟಕಿಯಿದ್ದ ಕಂಡಿಯಿಂದ ಹೊರಗೆ ಇಣುಕುತ್ತಿತ್ತು. ನನ್ನ ಕಡೆ ಬರೀ ಹೊಗೆ ಹಿಡಿದ ಗೋಡೆ. ಅವತ್ತು ನಾನು ಸಿಳ್ಳೆ ಹಾಕಿಕೊಂಡು ಮನೆಗೆ ಹೋದೆ. ಮೂರ್ಖ.

ಮೊದಲ ಭಾನುವಾರವೇ ಕಣ್ಣು ತೆರೆಯಿತು. ಎದುರುಮನೆಯ ನಿವೃತ್ತ ಪೋಸ್ಟ್‌ಮಾಸ್ಟರು ಹೆಂಡತಿ ಸಮೇತ ನೋಡಲು ಬಂದರು. ಷಡ್ಡಕನ ಕಡೆ ಹೋಗಿ ಒಂದು ಗಂಟೆ ನಿಂತರು. ಗೋಡೆಯ ಈಚೆಯಿಂದ ನನಗೆ ‘ಅಯ್ಯೋ ಪಾಪ’ ಎನ್ನುವುದು ಹನ್ನೊಂದು ಸಲ ಕೇಳಿಸಿತು. ಆಮೇಲೆ ನನ್ನ ಬಾಗಿಲಿಗೆ ಬಂದು ತಲೆ ಮಾತ್ರ ಒಳಗೆ ಹಾಕಿದರು.

“ನಿಮ್ಮದೇನಿಲ್ಲ ಬಿಡಿ. ಬರೀ ಹೊಗೆ. ತೊಳೆದು ಸುಣ್ಣ ಬಳಿದ್ರೆ ಆಯ್ತು,” ಎಂದರು.

“ಹೊಗೆ ಅಂದ್ರೆ ಸುಮ್ನೆ ಅಲ್ಲ ಸಾರ್,” ಎಂದೆ. “ಹೊಗೆಗೆ ಸೀದಾ ಸುಣ್ಣ ಬಳಿದ್ರೆ ನಾಲ್ಕು ದಿನಕ್ಕೆ ಕರೆ ಮತ್ತೆ ಮೇಲೆ ಬರುತ್ತೆ. ಮೊದಲು ಸೋಡಾ ಹಾಕಿ ಉಜ್ಜಬೇಕು, ಆಮೇಲೆ—”

“ಅದೇ, ತೊಳೆದ್ರೆ ಆಯ್ತು,” ಎಂದು ಅವರು ತಲೆಯನ್ನು ವಾಪಸು ತೆಗೆದುಕೊಂಡರು.

ಸಂಜೆ ಅತ್ತೆ ಫ್ಲಾಸ್ಕಿನಲ್ಲಿ ಚಹಾ ತಂದರು. ಷಡ್ಡಕ ಮುಖದ ತುಂಬ ಮಸಿ ಮಾಡಿಕೊಂಡು ಏಣಿಯ ಮೇಲಿದ್ದ. ಅತ್ತೆ ಅವನನ್ನು ಕೆಳಗಿಳಿಸಿ, ತಮ್ಮ ಕರವಸ್ತ್ರದಿಂದ ಹಣೆ ಒರೆಸಿ, “ಎಷ್ಟು ಸೊರಗಿಹೋಗಿದ್ದೀರಿ,” ಎಂದರು. ಸೊರಗಿದ್ದನಂತೆ. ಆ ದೇಹದಿಂದ ಇಬ್ಬರು ಗುಮಾಸ್ತರನ್ನು ಮಾಡಬಹುದು. ನನ್ನ ಪಾಲಿಗೆ ಬಂದದ್ದು ಫ್ಲಾಸ್ಕಿನ ತಳದ ಅರ್ಧ ಲೋಟ, ಅದೂ ಆರಿತ್ತು.

ಅಡಿಕೆ ಕದ್ದರೂ ಕಳ್ಳ, ಆನೆ ಕದ್ದರೂ ಕಳ್ಳ ಎಂದು ಹಿರಿಯರು ಹೇಳುತ್ತಾರೆ. ಸುಟ್ಟ ಮನೆಯ ವಿಷಯದಲ್ಲಿ ಹಿರಿಯರ ಮಾತು ನಡೆಯುವುದಿಲ್ಲ. ಅಲ್ಲಿ ಆನೆಯಷ್ಟು ಸುಟ್ಟವನಿಗೇ ಮರ್ಯಾದೆ. ನನ್ನ ಹೊಟ್ಟೆ ಉರಿಯಿತು.

ಮರುವಾರ ಅತ್ತೆ ಬರುವ ಹೊತ್ತಿಗೆ ನಾನೂ ತಯಾರಾಗಿದ್ದೆ. ಷಡ್ಡಕನ ಕಡೆ ಹೋಗಿ ಒಂದು ಹಿಡಿ ಇದ್ದಿಲು ಪುಡಿ ತಂದು, ಹಣೆ ಕೆನ್ನೆ ಮೂಗಿಗೆ ಧಾರಾಳವಾಗಿ ಹಚ್ಚಿಕೊಂಡು, ಉಸಿರು ಎಳೆದುಕೊಳ್ಳುತ್ತ ಬಾಗಿಲಲ್ಲಿ ನಿಂತೆ. ಅತ್ತೆ ಒಂದು ಹೆಜ್ಜೆ ಹಿಂದಕ್ಕೆ ಹೋದರು.

“ಏನಿದು? ಮುಖ ತೊಳ್ಕೊಂಡು ಬನ್ನಿ. ಬೀದಿಯವರು ನೋಡಿದ್ರೆ ಏನಂದಾರು?” ಎಂದು ಪಕ್ಕದ ಬಾಗಿಲಿಗೆ ನಡೆದರು.

ಆಗ ಮೇಸ್ತ್ರಿಯ ಮೊರೆಹೊಕ್ಕೆ. ಎರಡೂ ಕಡೆ ಕೆಲಸ ಮಾಡುತ್ತಿದ್ದ ಮುದುಕ ಅವನು, ಮರವೂ ಬಲ್ಲ, ಗಾರೆಯೂ ಬಲ್ಲ. ನನ್ನ ಕಡೆಯ ಅಟ್ಟದ ತೊಲೆ ತೋರಿಸಿ, “ಇದು ಹೋಗಿದೆ ಅಲ್ವೇನಯ್ಯ?” ಎಂದು ಆಸೆಯಿಂದ ಕೇಳಿದೆ.

ಅವನು ಸುತ್ತಿಗೆಯಿಂದ ತಟ್ಟಿದ. ಟಣ್ ಎಂದಿತು. ಉಳಿಯಿಂದ ಒಂದು ಚೂರು ಕೆತ್ತಿದ. ಕಪ್ಪಿನ ಕೆಳಗೆ ಹೊಸ ಮರದ ಬಣ್ಣ ಹೊಳೆಯಿತು.

“ಇದಕ್ಕೆ ನೂರು ವರ್ಷ ಏನೂ ಆಗಲ್ಲ ಸ್ವಾಮಿ. ಪಕ್ಕದ್ದೂ ಅಷ್ಟೇ. ಮೇಲೆ ಬೆರಳು ದಪ್ಪ ಇದ್ದಿಲಾದ್ರೆ ಅದೇ ಒಳಗಿನ ಮರಾನ ಕಾಪಾಡುತ್ತೆ. ಕೆರೆದು ಎಣ್ಣೆ ಕುಡಿಸಿದ್ರೆ ಮುಗೀತು.”

“ಸ್ವಲ್ಪನಾದ್ರೂ ಹೋಗಿರಬೇಕಲ್ವಾ? ಇನ್ನೊಂದ್ಸಲ ತಟ್ಟಿ ನೋಡು.”

ಮೇಸ್ತ್ರಿ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದ. “ಸ್ವಾಮಿ, ಮೂವತ್ತೈದು ವರ್ಷದಿಂದ ಕೆಲಸ ಮಾಡ್ತಿದೀನಿ. ಗಟ್ಟಿಯಾಗಿದೆ ಅಂದ್ರೆ ಬೇಜಾರು ಮಾಡ್ಕೊಂಡ ಗಿರಾಕಿ ನೀವೇ ಮೊದಲು.”

ಮೇಸ್ತ್ರಿ ಕೈಕೊಟ್ಟ ಮೇಲೆ ನಾಲಿಗೆಯೊಂದೇ ಗತಿ. ಬೀದಿಯಲ್ಲಿ ಸಿಕ್ಕಸಿಕ್ಕವರಿಗೆಲ್ಲ ಹೇಳತೊಡಗಿದೆ: ಉರಿಯುವ ಹಾಸಿಗೆಯೊಂದು ಗೋಡೆ ಹಾರಿ ನನ್ನ ನಡುಮನೆಗೇ ಬಿದ್ದಿತ್ತಂತೆ. ನಾಲ್ಕನೇ ಸಲ ಹೇಳುವಾಗ ಹಾಸಿಗೆ ಮೂರಾದವು. ಇಸ್ತ್ರಿ ಅಂಗಡಿಯವನು ಮೂಗಿನ ಮೇಲೆ ಬೆರಳಿಟ್ಟುಕೊಂಡ. ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಆದರೆ ಪೋಸ್ಟ್‌ಮಾಸ್ಟರು ಕನ್ನಡಕ ಸರಿಮಾಡಿಕೊಂಡು, “ಇದಕ್ಕೆ ದಾಖಲೆ ಏನಿದೆ?” ಎಂದರು.

ದಾಖಲೆ. ನಾನು ಕಚೇರಿಯ ಮನುಷ್ಯ. ಆ ಒಂದು ಶಬ್ದ ಕಿವಿಗೆ ಬಿದ್ದರೆ ಕೈ ತಾನಾಗಿ ಪೆನ್ನು ಹುಡುಕುತ್ತದೆ. ಅಂದೇ ಮಧ್ಯಾಹ್ನ ಕಟ್ಟಡ ಇಲಾಖೆಗೆ ಒಂದು ಅರ್ಜಿ ಬರೆದೆ. “ಮಾನ್ಯರೇ, ತಮ್ಮಲ್ಲಿ ವಿನಯಪೂರ್ವಕ ಅರಿಕೆ ಏನೆಂದರೆ, ನಮ್ಮ ಭಾಗದ ಮನೆಯು ಪಕ್ಕದ ಭಾಗಕ್ಕಿಂತ ಯಾವ ರೀತಿಯಲ್ಲೂ ಕಡಿಮೆಯಿಲ್ಲದಂತೆ ಸುಟ್ಟಿದ್ದು, ತೊಲೆಗಳು ಇಂದೋ ನಾಳೆಯೋ ಎಂಬ ಸ್ಥಿತಿಯಲ್ಲಿದ್ದು, ಗೋಡೆಗಳು ಕೇವಲ ಅಭ್ಯಾಸಬಲದಿಂದ ನಿಂತಿರುವುದರಿಂದ, ಸದರಿ ಮನೆ ಸುಟ್ಟಿದೆ ಎಂಬುದಕ್ಕೆ ಒಂದು ಪ್ರಮಾಣಪತ್ರ ದಯಪಾಲಿಸಬೇಕಾಗಿ ಕೋರಿಕೆ.” ಹತ್ತೊಂಬತ್ತು ವರ್ಷದ ಸೇವೆಯಲ್ಲಿ ಇಷ್ಟು ಒಳ್ಳೆಯ ದೂರು ನನ್ನ ಕೈಗೇ ಬಂದಿರಲಿಲ್ಲ. ಪ್ರಮಾಣಪತ್ರಕ್ಕೆ ಕಟ್ಟು ಹಾಕಿಸಿ ಬಾಗಿಲ ಪಕ್ಕ ತೂಗುಹಾಕಬೇಕೆಂದು ಮೊಳೆಯನ್ನೂ ಹೊಡೆದಿಟ್ಟೆ.

ಸಾಮಾನ್ಯವಾಗಿ ಇಂಥ ಅರ್ಜಿಗಳು ಎರಡು ವರ್ಷ ನಿದ್ದೆ ಮಾಡುತ್ತವೆ. ನನ್ನ ಗ್ರಹಚಾರ, ಹೊಸದಾಗಿ ಬಂದ ಎಂಜಿನಿಯರು ಚುರುಕಿನ ಮನುಷ್ಯ. ಐದನೇ ದಿನವೇ ಫೈಲು ಹಿಡಿದು ಬಂದುಬಿಟ್ಟರು. ಹೆಂಡತಿ, ಅವಳ ಅಕ್ಕ ಇಬ್ಬರೂ ಅಂಗಡಿಯಲ್ಲಿದ್ದರು. ನಾನು ಎಂಜಿನಿಯರಿಗೆ ಕೋಣೆ ಕೋಣೆ ತೋರಿಸುತ್ತ, ಹಾಸಿಗೆಗಳು ಬಿದ್ದ ಜಾಗಗಳನ್ನು ಗುರುತಿಸಿಕೊಟ್ಟೆ. ಅವರು ಗಂಭೀರವಾಗಿ ಬರೆದುಕೊಳ್ಳುತ್ತಿದ್ದರು. ಬೀದಿಯವರು ಬಾಗಿಲಲ್ಲಿ ಸೇರಿದರು. ಯಾರೋ ಹಿಂದಿನಿಂದ, “ಅಯ್ಯೋ ಪಾಪ, ಇವರದೂ ಹೀಗೇನಾ?” ಎಂದರು. ಆ ಮಾತು ಕೇಳಿ ನನ್ನ ಕಣ್ಣು ತುಂಬಿತು.

ಇದು ಷಡ್ಡಕನಿಗೆ ಸಹಿಸಲಾಗಲಿಲ್ಲ. ಏಣಿಯಿಂದ ಧುಮುಕಿ ಬಂದ.

“ಸಾರ್, ನೀವು ಏನು ನೋಡ್ತಿದೀರಿ? ಇದು ಒಂದು ಸುಡೋದಾ? ಈ ಕಡೆ ಬನ್ನಿ, ನಂದು ನೋಡಿ.”

“ಭಾವ, ಅರ್ಜಿ ಹಾಕಿರೋದು ನಾನು.”

“ಅರ್ಜಿ ಹಾಕ್ಬಿಟ್ರೆ ಸುಟ್ಟ ಹಾಗಾಯ್ತೇನ್ರೀ? ಸಾರ್, ನನ್ನ ತೊಲೆ ರಾತ್ರಿ ಹಗಲು ಲಟಲಟ ಅಂತಿರುತ್ತೆ.”

“ನನ್ನದು ಅನ್ನೋದೂ ಇಲ್ಲ ಸಾರ್. ಅಷ್ಟು ಶಕ್ತಿನೂ ಉಳಿದಿಲ್ಲ ಅದಕ್ಕೆ.”

“ನನ್ನ ಗೋಡೆ ಮುಟ್ಟಿದ್ರೆ ಬೀಳುತ್ತೆ.”

“ನನ್ನದು ನೋಡಿದ್ರೆ ಬೀಳುತ್ತೆ.”

ಎಂಜಿನಿಯರು ಅವನು ಹೇಳಿದ್ದನ್ನೂ ಬರೆದುಕೊಂಡರು, ನಾನು ಹೇಳಿದ್ದನ್ನೂ ಬರೆದುಕೊಂಡರು, ಇಬ್ಬರಿಂದಲೂ ರುಜು ಹಾಕಿಸಿಕೊಂಡರು. ಆಮೇಲೆ ಚೀಲದಿಂದ ಎರಡು ಕೆಂಪು ಕಾಗದ ತೆಗೆದು ಎರಡೂ ಕಡೆ ಬಾಗಿಲ ಪಕ್ಕದ ಗೋಡೆಗೆ ಅಂಟಿಸಿದರು. “ಅಪಾಯಕಾರಿ ಕಟ್ಟಡ. ಹದಿನೈದು ದಿನದೊಳಗೆ ಕೆಡವತಕ್ಕದ್ದು.” ಪ್ರಮಾಣಪತ್ರಕ್ಕೆಂದು ಹೊಡೆದಿದ್ದ ಮೊಳೆ ಅವರ ತೋಳಿಗೆ ತಗುಲಿ ಅಂಗಿ ಹರಿಯಿತು. ಅದನ್ನೂ ಒಂದು ಅಪಾಯವೆಂದು ಬರೆದುಕೊಂಡರು.

ಸಂಜೆ ಅಕ್ಕತಂಗಿಯರು ಬಂದರು. ಅವತ್ತು ಬೆಳಿಗ್ಗೆಯಷ್ಟೇ ಮೇಸ್ತ್ರಿ ನಡುಗೋಡೆಯಲ್ಲಿ ಬಾಗಿಲಿಗೆ ಜಾಗ ಒಡೆದಿದ್ದ. ಅದನ್ನು ನೋಡಲು ಓಡೋಡಿ ಬಂದವರು ಕೆಂಪು ಕಾಗದ ಓದಿ ನಿಂತಲ್ಲೇ ನಿಂತರು. ನನ್ನ ಹೆಂಡತಿ ಅಳಲಿಲ್ಲ. ಅತ್ತಿದ್ದರೆ ಸಮಾಧಾನ ಹೇಳಬಹುದಿತ್ತು.

“ಹದಿನಾಲ್ಕು ವರ್ಷ ಬಟ್ಟೆ ಹೊಲಿದು ತಗೊಂಡ ಮನೆ ಇದು,” ಎಂದಳು. “ನೀವು ಒಂದು ಮಧ್ಯಾಹ್ನದಲ್ಲಿ ಕೆಡವಿಬಿಟ್ರಿ.”

ಷಡ್ಡಕನ ಹೆಂಡತಿ ಅವನ ಕೈಯಿಂದ ಚಹಾದ ಲೋಟ ತೆಗೆದುಕೊಂಡು ಚರಂಡಿಗೆ ಚೆಲ್ಲಿದಳು. ನಾವಿಬ್ಬರೂ ಇಂಗು ತಿಂದ ಮಂಗನ ಹಾಗೆ ನಿಂತಿದ್ದೆವು.

ಮರುದಿನ ನಾಲ್ವರೂ ಮೇಸ್ತ್ರಿಯನ್ನು ಕರೆದುಕೊಂಡು ಕಟ್ಟಡ ಇಲಾಖೆಗೆ ಹೋದೆವು. ಅರ್ಜಿಯಲ್ಲಿ ಇದ್ದದ್ದೆಲ್ಲ ಸುಳ್ಳು ಎಂದು ನಾನು ಹೇಳಿದೆ. ಎಂಜಿನಿಯರು ನಂಬಲಿಲ್ಲ. ಇಷ್ಟು ಚೆನ್ನಾಗಿ ಬರೆದದ್ದು ಸುಳ್ಳಾಗಿರಲಾರದು ಎಂದರು. ಜೀವನದಲ್ಲಿ ನನ್ನ ಬರವಣಿಗೆಯನ್ನು ಹೊಗಳಿದವರು ಅವರೊಬ್ಬರೇ, ಅದನ್ನು ಸವಿಯುವ ಸ್ಥಿತಿಯಲ್ಲಿ ನಾನಿರಲಿಲ್ಲ.

“ಒಂದೇ ದಾರಿ ಇದೆ,” ಎಂದರು ಅವರು. “ಅಟ್ಟದ ಮೇಲೆ ಭಾರ ಹೇರಿ ಪರೀಕ್ಷೆ ಮಾಡ್ಬೇಕು. ಒಂದೊಂದು ಕಡೆಗೂ ಒಂದು ಟನ್, ಅರ್ಧ ಗಂಟೆ. ತೊಲೆ ಹತ್ತು ಮಿಲಿಮೀಟರ್ ಒಳಗೆ ಬಗ್ಗಿದ್ರೆ ಗಟ್ಟಿ ಅಂತ ಬರೀತೀನಿ. ಜಾಸ್ತಿ ಬಗ್ಗಿದ್ರೆ ಕೆಡವಲೇಬೇಕು. ಆದರೆ ನಾನು ನಾಳಿದ್ದು ರಜದ ಮೇಲೆ ಹೋಗ್ತಿದೀನಿ. ಆಗೋದಾದ್ರೆ ನಾಳೆನೇ ಆಗ್ಬೇಕು.”

“ನಾಳೆಗೆ ಅಷ್ಟು ಮರಳು ಎಲ್ಲಿಂದ ತರ್ಲಿ?” ಎಂದ ಮೇಸ್ತ್ರಿ.

ನನ್ನ ಹೆಂಡತಿ ಒಂದು ನಿಮಿಷ ಯೋಚಿಸಿದಳು. “ಸಾರ್, ಮನುಷ್ಯರು ಆಗ್ತಾರಾ?”

ಎಂಜಿನಿಯರು ನಿಯಮದ ಪುಸ್ತಕ ತಿರುವಿದರು. “ಭಾರ ಅಂತಿದೆ. ಯಾವುದರ ಭಾರ ಅಂತಿಲ್ಲ,” ಎಂದರು. “ಬರೋರು ಮೇಸ್ತ್ರಿ ಮಾತು ನಂಬಿ ಬರ್ಬೇಕು, ಅಷ್ಟೇ.”

ಬಂದರು. ನನ್ನ ಮಾತಿಗೆ ಬರಲಿಲ್ಲ, ಷಡ್ಡಕನ ಮಾತಿಗೂ ಅಲ್ಲ. ಬೀದಿಯಲ್ಲಿ ಆ ಅಕ್ಕತಂಗಿಯರು ಹೊಲಿದ ಬಟ್ಟೆ ಹಾಕದ ಮನೆ ಇರಲಿಲ್ಲ. ಮೇಸ್ತ್ರಿ ಎಲ್ಲರಿಗಿಂತ ಮೊದಲು ತಾನೇ ಅಟ್ಟ ಹತ್ತಿ ಎರಡು ಸಲ ಕುಣಿದು ತೋರಿಸಿದ. ಗುಜರಿ ಅಂಗಡಿಯವನು ತನ್ನ ದೊಡ್ಡ ತಕ್ಕಡಿಯನ್ನು ಏಣಿಮೆಟ್ಟಿಲ ಬುಡದಲ್ಲಿ ತಂದಿಟ್ಟ. ಒಬ್ಬೊಬ್ಬರನ್ನೇ ತೂಗಿ, ಬರೆದುಕೊಂಡು, ಮೇಲೆ ಕಳಿಸುವುದು. ಪೋಸ್ಟ್‌ಮಾಸ್ಟರ ಹೆಂಡತಿ ನಾಲ್ಕು ಜನರ ಎದುರಿಗೆ ತಕ್ಕಡಿ ಹತ್ತುವುದಿಲ್ಲ, ಅಂದಾಜಿನಲ್ಲಿ ಬರೆದುಕೊಳ್ಳಿ ಎಂದರು. ಎಂಜಿನಿಯರು ಬರೆದ ಅಂದಾಜನ್ನು ಇಣುಕಿ ನೋಡಿ ಕೆಂಪಾಗಿ, ತಾವಾಗಿಯೇ ತಕ್ಕಡಿ ಹತ್ತಿದರು. ಅಂದಾಜಿಗಿಂತ ಎರಡು ಕಿಲೋ ಹೆಚ್ಚೇ ಬಂತು. ಅತ್ತೆಯೂ ಬಂದರು, ಷಡ್ಡಕನ ಕಡೆ ಹತ್ತಿದರು ಎಂದು ಬೇರೆ ಹೇಳಬೇಕಾಗಿಲ್ಲ.

“ಕೆಳಗೆ ತೊಲೆಗೆ ಅಳತೆಪಟ್ಟಿ ಹಿಡಿಯೋಕೆ ಇಬ್ಬರು ಬೇಕು,” ಎಂದರು ಎಂಜಿನಿಯರು. “ತೊಲೆ ಮುರಿದ್ರೆ ಅವರ ತಲೆ ಮೇಲೇ. ಅದಕ್ಕೆ ಯಾರನ್ನೂ ಬಲವಂತ ಮಾಡೋ ಹಾಗಿಲ್ಲ.”

“ಇದಾರಲ್ಲ ಸಾರ್ ಇಬ್ಬರು,” ಎಂದಳು ನನ್ನ ಹೆಂಡತಿ. ಅವಳ ಅಕ್ಕ ಹೌದೆಂದು ತಲೆಯಾಡಿಸಿದಳು.

ಹೀಗೆ ನಾನು ನನ್ನ ತೊಲೆಯ ಕೆಳಗೆ, ಷಡ್ಡಕ ಅವನ ತೊಲೆಯ ಕೆಳಗೆ, ನಡುವೆ ಮೇಸ್ತ್ರಿ ಒಡೆದ ಬಾಗಿಲ ಜಾಗ. ಮೇಲೆ ಕಾಲುಗಳ ಸದ್ದು. ಹಲಗೆಯ ಸಂದಿಯಿಂದ ಮಸಿ ಉದುರಿ ಇಬ್ಬರ ಮುಖವೂ ಒಂದೇ ಬಣ್ಣವಾಯಿತು.

“ನಿಮ್ಮ ಕಡೆ ಎಷ್ಟು ಜನ?” ಎಂದ ಷಡ್ಡಕ ಮೆಲ್ಲಗೆ.

“ಹದಿನಾರು.”

“ನನ್ನ ಕಡೆ ಹದಿನೇಳು,” ಎಂದ. ಆ ಸ್ಥಿತಿಯಲ್ಲೂ ಅವನ ಧ್ವನಿಯಲ್ಲಿ ಒಂದು ಹೆಮ್ಮೆ ಇತ್ತು.

“ನನ್ನ ಕಡೆ ಪೋಸ್ಟ್‌ಮಾಸ್ಟರ ಹೆಂಡ್ತಿ ಇದಾರೆ,” ಎಂದೆ.

ತೊಲೆ ಒಮ್ಮೆ ಕಿರ್ರೆಂದಿತು. ಇಬ್ಬರೂ ಕಣ್ಣು ಮುಚ್ಚಿದೆವು. ತೆರೆದಾಗ ಷಡ್ಡಕ ನನ್ನ ಕಡೆ ತಿರುಗಿದ್ದ.

“ಒಂದು ಮಾತು ಹೇಳಿಬಿಡ್ತೀನಿ. ಅವತ್ತು ಚೀಟಿಯಲ್ಲಿ ಒಳ್ಳೆ ಕಡೆ ನಿಮಗೆ ಬಂತಲ್ಲ, ಮೂರು ದಿನ ನನಗೆ ಅನ್ನ ಸೇರಲಿಲ್ಲ. ಈ ಗುಮಾಸ್ತಂಗೆ ಯಾವಾಗ್ಲೂ ಅದೃಷ್ಟ ಅಂತ ಸಂಕಟ ಪಟ್ಟೆ.”

ಷಡ್ಡಕ ನನ್ನನ್ನು ನೋಡಿ ಕರುಬಿದ್ದ. ನನ್ನನ್ನು. ಆ ಗಳಿಗೆಯಲ್ಲಿ ಹದಿನಾರು ಜನ ಸಮೇತ ಅಟ್ಟ ತಲೆಯ ಮೇಲೆ ಬಿದ್ದಿದ್ದರೂ ನಾನು ನಗುನಗುತ್ತ ಸಾಯುತ್ತಿದ್ದೆ.

ಅಟ್ಟ ಬೀಳಲಿಲ್ಲ. ಅರ್ಧ ಗಂಟೆ ಮುಗಿದು ಎಲ್ಲರೂ ಇಳಿದರು. ಎಂಜಿನಿಯರು ಅಳತೆ ಓದಿದರು. “ಆ ಕಡೆ ಮೂರು ಮಿಲಿಮೀಟರ್, ಈ ಕಡೆ ಎರಡು. ಎರಡೂ ಗಟ್ಟಿ.” ಎರಡೂ ಬಾಗಿಲ ಕೆಂಪು ಕಾಗದ ಕಿತ್ತು, ಫೈಲಿನಲ್ಲಿ ಬರೆದು ರುಜು ಹಾಕಿದರು: “ಕಟ್ಟಡದಲ್ಲಿ ದೋಷವಿಲ್ಲ. ದೋಷ ಅರ್ಜಿದಾರನಲ್ಲಿದೆ.” ಅಕ್ಕತಂಗಿಯರು ಒಬ್ಬರನ್ನೊಬ್ಬರು ಅಪ್ಪಿಕೊಂಡರು. ಈಗ ಮಾತ್ರ ನನ್ನ ಹೆಂಡತಿ ಅತ್ತಳು.

ನಾನು ಅಷ್ಟಕ್ಕೇ ಸುಮ್ಮನಿದ್ದಿದ್ದರೆ ಚೆನ್ನಾಗಿತ್ತು. ಆದರೆ ಬೀದಿಯವರೆಲ್ಲ ಷಡ್ಡಕನ ಸುತ್ತ ನೆರೆದು, “ಮೂರಂತೆ, ಅಯ್ಯೋ ಪಾಪ, ಮೂರು,” ಎನ್ನುತ್ತಿದ್ದರು. ಅತ್ತೆಯ ಕರವಸ್ತ್ರ ಹೊರಗೆ ಬಂದಾಗಿತ್ತು. ನನ್ನ ಬಾಯಿ ನನ್ನನ್ನು ಕೇಳದೆ ತೆರೆಯಿತು.

“ಸಾರ್, ನನ್ನದು ಇನ್ನೊಂದ್ಸಲ ಅಳೀರಿ. ಎರಡೂವರೆ ಇರ್ಬೋದು.”

ನನ್ನ ಹೆಂಡತಿ ಕಣ್ಣೊರೆಸಿಕೊಂಡು ನನ್ನನ್ನು ನೋಡಿದಳು, ಆಮೇಲೆ ಅಕ್ಕನನ್ನು ನೋಡಿದಳು. ಇಬ್ಬರೂ ಬಾಗಿಲ ಜಾಗದಲ್ಲಿ ನಿಂತು ಎರಡು ನಿಮಿಷ ಪಿಸುಗುಟ್ಟಿದರು.

“ಆ ಕಡೆ ಹೆಚ್ಚು ಸುಟ್ಟಿದೆ ಅಂತ ತಾನೇ ನಿಮ್ಮ ಸಂಕಟ?” ಎಂದಳು ವಾಪಸು ಬಂದು. “ಆ ಕಡೆನೇ ತಗೊಳ್ಳಿ. ಅಕ್ಕ ನಾನು ಅದಲುಬದಲು ಮಾಡ್ಕೊಂಡಿದ್ದೀವಿ. ನಡುವೆ ಬಾಗಿಲು ಇರುತ್ತೆ, ನಮಗೆ ಎಲ್ಲಾ ಒಂದೇ. ತಿಂಗಳ ಕೊನೆಗೆ ಇನ್ನು ಹನ್ನೆರಡು ದಿನ ಇದೆ. ಅಷ್ಟರಲ್ಲಿ ಕೆರೆದು ಮುಗಿಸಿ.”

ನಿಜ ಹೇಳುತ್ತೇನೆ, ನನಗೆ ಕುಣಿಯುವಷ್ಟು ಖುಷಿಯಾಯಿತು. ಕಚೇರಿಗೆ ರಜೆ ಹಾಕಿದೆ. ಏಣಿ ಹತ್ತಿ, ತಂತಿ ಬ್ರಶ್ಶು ಹಿಡಿದು ತೊಲೆ ಕೆರೆಯತೊಡಗಿದೆ. ಕೈಯಲ್ಲಿ ಬೊಬ್ಬೆ ಬಂದವು, ಉಗುಳಿದರೆ ಕಪ್ಪು, ಬೆನ್ನು ನೆಟ್ಟಗಾಗುತ್ತಿರಲಿಲ್ಲ. ಎಲ್ಲವೂ ಅಪ್ಪಟ ನಿಜ, ಒಂದು ಚೂರೂ ಸುಳ್ಳಿಲ್ಲ. ಭಾನುವಾರ ಬರಲಿ ಎಂದು ಕಾದೆ.

ಭಾನುವಾರ ಬಂತು. ಪೋಸ್ಟ್‌ಮಾಸ್ಟರು ಬಂದರು, ಅವರ ಹೆಂಡತಿ ಬಂದರು, ಇಸ್ತ್ರಿಯವನು ಬಂದ, ಅತ್ತೆ ಫ್ಲಾಸ್ಕು ಹಿಡಿದು ಬಂದರು. ಎಲ್ಲರೂ ನನ್ನ ಏಣಿಯ ಪಕ್ಕದಲ್ಲೇ ಹಾದು ನಡುಬಾಗಿಲು ದಾಟಿ ಆ ಕಡೆಗೆ ಹೋದರು. ಅಲ್ಲಿ ತೊಳೆದು ಸುಣ್ಣ ಬಳಿದ ನಡುಮನೆಯಲ್ಲಿ ಷಡ್ಡಕ ಕುರ್ಚಿಯ ಮೇಲೆ ಕೈಕಟ್ಟಿ ಕೂತಿದ್ದ.

“ಅಯ್ಯೋ ಪಾಪ,” ಎಂದರು ಅತ್ತೆ. “ಎಷ್ಟು ಕಷ್ಟಪಟ್ಟು ಮಾಡ್ತಿದ್ರಿ. ಒಂದು ಮಾತಿಗೆ ಬಿಟ್ಟುಕೊಟ್ರಲ್ಲ. ಈ ಕಾಲದಲ್ಲಿ ಯಾರು ಬಿಟ್ಟುಕೊಡ್ತಾರೆ?”

“ದೊಡ್ಡ ಮನಸ್ಸು,” ಎಂದರು ಪೋಸ್ಟ್‌ಮಾಸ್ಟರು. ಈ ಸಲ ದಾಖಲೆ ಕೇಳಲಿಲ್ಲ.

ಏಣಿ ಹಿಡಿದುಕೊಂಡಿದ್ದ ಹೆಂಡತಿಗೆ ನಾನು ಪಿಸುಮಾತಿನಲ್ಲಿ, “ನೋಡಿದ್ಯಾ? ಮನೆ ಇಲ್ಲಿಗೆ ಬಂತು, ಪಾಪ ಅನ್ನೋದು ಅಲ್ಲೇ ಉಳೀತು,” ಎಂದೆ.

“ಅದನ್ನೆಲ್ಲ ಮನೆ ಜೊತೆ ರಿಜಿಸ್ಟರ್ ಮಾಡಿಸೋಕಾಗಲ್ಲ,” ಎಂದಳು. “ಆ ಮೂಲೆ ಇನ್ನೂ ಕಪ್ಪಗಿದೆ ನೋಡಿ.”

ನಾನು ತಂತಿ ಬ್ರಶ್ಶನ್ನು ಎರಡೂ ಕೈಯಲ್ಲಿ ಹಿಡಿದು ಆ ಮೂಲೆಯನ್ನು ಕೆರೆಯಲು ಶುರುಮಾಡಿದೆ. ಇಡೀ ಬೀದಿಗೆ ಕೇಳಲಿ ಎಂದೇ ಕೆರೆದೆ. ಆ ಕಡೆಯ ಮಾತು ನಿಂತಿತು. ಪೋಸ್ಟ್‌ಮಾಸ್ಟರು ಬಾಗಿಲ ಜಾಗದಿಂದ ತಲೆ ಮಾತ್ರ ಈಚೆಗೆ ಹಾಕಿದರು.

“ಸ್ವಲ್ಪ ಮೆಲ್ಲಗೆ ಕೆರೀರಿ,” ಎಂದರು. “ಪಾಪ, ಇವರ ಮೇಲೆ ಮಸಿ ಬೀಳ್ತಿದೆ.”